ಯಾರೂ ಕಾಣದ ತಪ್ಪು

ಮೈಸೂರು ನಗರದ ಲಷ್ಕರ್ ಮೊಹಲ್ಲಾದ ಓಣಿಗಳಲ್ಲಿ ಬೇಸಗೆಯ ರಜೆಯ ದಿನಗಳಲ್ಲಿ ಹುಡುಗರು ಗೋಲಿಯಾಡುವುದನ್ನು ನೋಡಿದವರು ಒಂದು ಮಾತನ್ನು ಮತ್ತೆ ಮತ್ತೆ ಕೇಳಿರುತ್ತಾರೆ. “ಅಲುಗಿತು” ಎಂಬುದೇ ಆ ಮಾತು. ಗುರಿಯಿಡುವುದಕ್ಕೆ ಮುಂಚೆ ಗೋಲಿಯ ಸುತ್ತಲಿನ ಕಸಕಡ್ಡಿಗಳನ್ನು ಬೆರಳಿನಿಂದ ಸರಿಸಿಕೊಳ್ಳುವಾಗ ಗೋಲಿಯು ಎಳ್ಳಷ್ಟು ಕದಲಿದರೂ ಆ ಹುಡುಗನ ಸರದಿ ಹೋಯಿತೆಂದು ಅವರೊಳಗಿನ ಕಟ್ಟಳೆ. ಎದುರಾಳಿಯು “ಅಲುಗಿತು” ಎನ್ನುತ್ತಾನೆ; ಆಡುವವನು “ಅಲುಗಲಿಲ್ಲ” ಎನ್ನುತ್ತಾನೆ; ಅಲ್ಲಿಂದ ಆಣೆಪ್ರಮಾಣಗಳು ತೊಡಗುತ್ತವೆ. ಒಬ್ಬನು ಚಾಮುಂಡಮ್ಮನ ಮೇಲೆ, ಇನ್ನೊಬ್ಬನು ಅಲ್ಲಾನ ಮೇಲೆ, ಮತ್ತೊಬ್ಬನು ಏಸುವಿನ ಮೇಲೆ ಆಣೆಯಿಡುತ್ತಾನೆ. ಲಷ್ಕರ್ ಎಂಬ ಪಾರಸಿ ಶಬ್ದಕ್ಕೆ ದಂಡು ಎಂದರ್ಥ. ಹೆಸರಿನಲ್ಲಿ ದಂಡಿನ ನೆನಪನ್ನು ಉಳಿಸಿಕೊಂಡಿರುವ ಈ ಭಾಗದಲ್ಲಿ ದೇವಸ್ಥಾನದ ಗಂಟೆ, ಮಸೀದಿಯ ಬಾಂಗು, ಅಶೋಕರಸ್ತೆಯ ಸಂತ ಫಿಲೋಮಿನಾ ಚರ್ಚಿನ ಗಂಟೆ ಮೂರೂ ಒಂದೇ ಕಿವಿಗೆ ಬೀಳುತ್ತವೆ. ಆಣೆಗೆ ಕರೆಯುವ ದೇವರ ಹೆಸರುಗಳು ಬೇರೆಬೇರೆಯಾದರೂ ಗೋಲಿಯ ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ.

ಎದುರಾಳಿಯು ನೋಡುತ್ತಿದ್ದಾಗ ಜಗಳವಾದರೂ ಆಗುತ್ತದೆ. ಅವನು ಅತ್ತ ಮುಖ ತಿರುಗಿಸಿದ್ದ ಹೊತ್ತಿನಲ್ಲಿ ಗೋಲಿಯು ಕದಲಿದರೆ ಜಗಳಕ್ಕೂ ಆಸ್ಪದವಿಲ್ಲ. ಕದಲಿದುದನ್ನು ಬಲ್ಲವನು ಲೋಕದಲ್ಲಿ ಒಬ್ಬನೇ, ಕದಲಿಸಿದವನೇ. ಅವನು ಸುಮ್ಮನಿದ್ದರೆ ಆಟವು ಮುಂದುವರಿಯುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗಿರುವಲ್ಲಿ ಆ ಹುಡುಗನು ಬಾಯಿಬಿಟ್ಟು ಹೇಳಬೇಕೆ? ಹೇಳಿದರೆ ಅದನ್ನು ಔದಾರ್ಯವೆನ್ನಬೇಕೆ, ಅಥವಾ ಸಾಲ ತೀರಿಸಿದಂತೆ ಎನ್ನಬೇಕೆ? ಪ್ರಶ್ನೆಯು ಮಕ್ಕಳಾಟಕ್ಕೆ ಸೇರಿದುದೆಂದು ತೋರಬಹುದು. ಆದರೆ ೧೯೨೫ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಗಾಲ್ಫ್ ಆಟದ ಅತಿ ದೊಡ್ಡ ಪಂದ್ಯವೊಂದರಲ್ಲಿ ಇದೇ ಪ್ರಶ್ನೆಯು ಒಬ್ಬ ಯುವಕನ ಮುಂದೆ ನಿಂತಿತು; ಆತನು ಕೊಟ್ಟ ಉತ್ತರವು ಆ ಪಂದ್ಯದ ಕಿರೀಟವನ್ನೇ ಆತನ ಕೈತಪ್ಪಿಸಿತೆಂದು ಜನರು ಇಂದಿಗೂ ಹೇಳುತ್ತಾರೆ. ಆ ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡಬಹುದಾಗಿದೆ.

ಗಾಲ್ಫ್ ಎಂಬ ಆಟವು ಮೈಸೂರಿನವರಿಗೆ ತೀರ ಅಪರಿಚಿತವಾದುದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಿಂದೆಯೇ ಸ್ಥಾಪಿತವಾದುದು. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಲ್ಲಿ, ಕುದುರೆಪಂದ್ಯದ ಮೈದಾನದ ಬಳಿಯಲ್ಲಿ, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಗಾಲ್ಫ್ ಮೈದಾನವಿದೆ. ಆಟದ ಸ್ವರೂಪವು ಸರಳವಾದುದು. ನಿಂಬೆಹಣ್ಣಿನಷ್ಟು ದೊಡ್ಡದಾದ ಬಿಳಿಯ ಚೆಂಡನ್ನು ನೀಳವಾದ ಕೋಲಿನಿಂದ ಹೊಡೆದು, ದೂರದ ಹಸುರು ಅಂಗಳದಲ್ಲಿ ತೋಡಿರುವ ಕುಳಿಯೊಳಕ್ಕೆ ಬೀಳಿಸಬೇಕು. ಇಂತಹ ಕುಳಿಗಳು ಸಾಮಾನ್ಯವಾಗಿ ೧೮. ಎಲ್ಲವನ್ನೂ ಅತಿ ಕಡಿಮೆ ಏಟುಗಳಲ್ಲಿ ಮುಗಿಸಿದವನೇ ಗೆದ್ದವನು.

ಈ ಆಟದಲ್ಲಿ ಒಂದು ವಿಶೇಷವುಂಟು. ಕುಸ್ತಿಯ ಅಖಾಡದಲ್ಲಿ ತೀರ್ಪುಗಾರನು ಜಟ್ಟಿಗಳ ಪಕ್ಕದಲ್ಲಿಯೇ ಇರುತ್ತಾನೆ. ಕ್ರಿಕೆಟ್ಟಿನಲ್ಲಿ ಅಂಪೈರನು ಎದುರಿಗೇ ನಿಂತಿರುತ್ತಾನೆ. ಗಾಲ್ಫಿನಲ್ಲಿಯಾದರೋ ಆಟಗಾರರು ವಿಶಾಲವಾದ ಬಯಲಿನಲ್ಲಿ ಚೆದುರಿಹೋಗಿರುತ್ತಾರೆ. ಒಬ್ಬನ ಚೆಂಡು ಮರಗಳ ನಡುವೆ, ಇನ್ನೊಬ್ಬನದು ಮರಳಿನಲ್ಲಿ, ಮತ್ತೊಬ್ಬನದು ಎತ್ತರದ ಹುಲ್ಲಿನಲ್ಲಿ ಬಿದ್ದಿರುತ್ತದೆ. ಪ್ರತಿಯೊಬ್ಬನ ಬೆನ್ನಿಗೂ ಒಬ್ಬ ತೀರ್ಪುಗಾರನನ್ನು ಕಳುಹಿಸುವುದು ಸಾಧ್ಯವಿಲ್ಲ. ಜೊತೆಯ ಆಟಗಾರನು ಏಟುಗಳ ಲೆಕ್ಕವನ್ನು ಬರೆದುಕೊಳ್ಳುತ್ತಾನೆ, ನಿಜ. ಆದರೆ ಐವತ್ತು ಗಜ ದೂರದಲ್ಲಿ ಹುಲ್ಲಿನ ಮರೆಯಲ್ಲಿ ನಡೆದುದು ಅವನಿಗೆ ಹೇಗೆ ಕಾಣಬೇಕು? ಆದಕಾರಣ ಈ ಆಟದ ನಿಯಮಗಳು ಆಟಗಾರನು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವನೆಂಬ ನಂಬಿಕೆಯ ಮೇಲೆ ನಿಂತಿವೆ. ಆಡುವವನೇ ಪ್ರತಿವಾದಿ, ಅವನೇ ಸಾಕ್ಷಿ. ಎಷ್ಟೋ ವೇಳೆ ಅವನೇ ನ್ಯಾಯಾಧಿಪತಿಯೂ ಆಗಬೇಕಾಗುತ್ತದೆ.

ಮ್ಯಾಸಚೂಸೆಟ್ಸ್ ಪ್ರಾಂತದ ವೂಸ್ಟರ್ ಎಂಬಲ್ಲಿ ೧೯೨೫ರ ಜೂನ್ ತಿಂಗಳಿನಲ್ಲಿ ಅಮೆರಿಕಾದ ಓಪನ್ ಪಂದ್ಯವು ನಡೆಯಿತು. ಗಾಲ್ಫನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ವೃತ್ತಿಯ ಆಟಗಾರರೂ, ಹಣವನ್ನು ಮುಟ್ಟದೆ ಆಡುವ ಹವ್ಯಾಸಿಗಳೂ ಕೂಡಿ ಆಡುವ ಪಂದ್ಯವದು. ಅಟ್ಲಾಂಟಾ ನಗರದ ಬಾಬಿ ಜೋನ್ಸನು ಅದರಲ್ಲಿ ಭಾಗವಹಿಸಿದ್ದನು. ಆಗ ಆತನಿಗೆ ೨೩ ವರ್ಷ ವಯಸ್ಸು. ಹವ್ಯಾಸಿಯಾಗಿದ್ದುಕೊಂಡೇ ೧೯೨೩ರಲ್ಲಿ ಇದೇ ಪಂದ್ಯವನ್ನು ಗೆದ್ದಿದ್ದವನು. ಮೊದಲನೆಯ ಸುತ್ತಿನ ೧೧ನೆಯ ಕುಳಿಯಲ್ಲಿ ಆತನ ಚೆಂಡು ಹಸುರು ಅಂಗಳದ ಪಕ್ಕದ ಇಳಿಜಾರಿನ ಹುಲ್ಲಿನಲ್ಲಿ ನಿಂತಿತು. ಏಟಿಗೆ ಸಿದ್ಧನಾಗುತ್ತ ಕೋಲನ್ನು ಚೆಂಡಿನ ಹಿಂದೆ ಇಟ್ಟಾಗ ಕೋಲು ಹುಲ್ಲಿಗೆ ತಾಕಿ ಚೆಂಡು ತುಸುವೇ ಕದಲಿತು. ಕದಲಿದುದನ್ನು ಆತನೊಬ್ಬನೇ ಕಂಡನು. ಹಾಗೆ ಚೆಂಡು ಕದಲಿದರೆ ಒಂದು ಏಟಿನ ದಂಡವೆಂಬುದು ನಿಯಮ.

ಜೋನ್ಸನು ಕೂಡಲೆ ಅದನ್ನು ಜೊತೆಯ ಆಟಗಾರನಾದ ವಾಲ್ಟರ್ ಹೇಗನನಿಗೂ ಪಂದ್ಯದ ಅಧಿಕಾರಿಗಳಿಗೂ ತಿಳಿಸಿದನು. ಹೇಗನನು ತಾನು ಕಾಣಲಿಲ್ಲವೆಂದನು; ಅಧಿಕಾರಿಗಳೂ ಕಂಡಿರಲಿಲ್ಲ; ಸುತ್ತಲಿದ್ದ ಪ್ರೇಕ್ಷಕರಲ್ಲಿಯೂ ಕಂಡವರು ಸಿಕ್ಕಲಿಲ್ಲ. ಕಡೆಗೆ ತೀರ್ಮಾನವನ್ನು ಆತನಿಗೇ ಬಿಟ್ಟರು. ಆತನು ತನಗೆ ತಾನೇ ಒಂದು ಏಟಿನ ದಂಡವನ್ನು ವಿಧಿಸಿಕೊಂಡನು. ಆ ಸುತ್ತಿನ ಆತನ ಲೆಕ್ಕ ೭೬ ಆಗಬೇಕಾಗಿದ್ದುದು ೭೭ ಆಯಿತು.

ನಾಲ್ಕು ಸುತ್ತುಗಳು, ಎಂದರೆ ೭೨ ಕುಳಿಗಳು, ಮುಗಿದಾಗ ಜೋನ್ಸನೂ, ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವೃತ್ತಿಯ ಆಟಗಾರನಾದ ವಿಲ್ಲಿ ಮ್ಯಾಕ್‌ಫರ್ಲೇನನೂ ೨೯೧ ಏಟುಗಳಲ್ಲಿ ಸಮನಾಗಿ ನಿಂತಿದ್ದರು. ಮತ್ತೆ ೧೮ ಕುಳಿಗಳನ್ನು ಆಡಿಸಿದರು, ಇಬ್ಬರಿಗೂ ೭೫. ಇನ್ನೊಮ್ಮೆ ೧೮ ಕುಳಿಗಳನ್ನು ಆಡಿಸಿದರು. ಮ್ಯಾಕ್‌ಫರ್ಲೇನನಿಗೆ ೭೨, ಜೋನ್ಸನಿಗೆ ೭೩. ಹೀಗೆ ೧೦೮ ಕುಳಿಗಳ ಕೊನೆಯಲ್ಲಿ ಒಂದೇ ಒಂದು ಏಟಿನಿಂದ ಜೋನ್ಸನು ಸೋತನು. ಆತನು ಮೊದಲನೆಯ ದಿನ ಸುಮ್ಮನಿದ್ದಿದ್ದರೆ ೨೯೦ಕ್ಕೆ ಮುಗಿಸಿ ಗೆದ್ದುಬಿಡುತ್ತಿದ್ದನೆಂದು ಲೆಕ್ಕ ಹಾಕುವುದು ಯಾರಿಗೂ ಸುಲಭ. ಮಿಕ್ಕ ಆಟವೆಲ್ಲವೂ ನಡೆದಂತೆಯೇ ನಡೆಯುತ್ತಿತ್ತೆ ಎಂಬುದನ್ನು ಹೇಳಬಲ್ಲವರಿಲ್ಲ. ಆದರೂ ಆ ಒಂದು ಏಟಿನ ಬೆಲೆ ಏನಿದ್ದಿತೆಂಬುದು ಸ್ಪಷ್ಟವಾಗಿದೆ.

ಜನರು ಆತನನ್ನು ಬಹಳವಾಗಿ ಕೊಂಡಾಡಿದರು. ಅದಕ್ಕೆ ಆತನು, ಇದಕ್ಕಾಗಿ ತನ್ನನ್ನು ಹೊಗಳುವುದೂ ಒಂದೇ, ಬ್ಯಾಂಕನ್ನು ದೋಚಲಿಲ್ಲವೆಂದು ಒಬ್ಬನನ್ನು ಹೊಗಳುವುದೂ ಒಂದೇ ಎಂಬ ಅರ್ಥದ ಮಾತನ್ನಾಡಿದನೆಂದು ಪ್ರಸಿದ್ಧಿಯಿದೆ. ಮಾರನೆಯ ವರ್ಷ, ೧೯೨೬ರಲ್ಲಿ, ಸಿಯೋಟೋ ಎಂಬಲ್ಲಿ ನಡೆದ ಇದೇ ಪಂದ್ಯದಲ್ಲಿಯೂ ಚೆಂಡು ಕದಲಿತೆಂದು ಆತನು ಮತ್ತೊಮ್ಮೆ ತನಗೆ ದಂಡ ವಿಧಿಸಿಕೊಂಡನು. ಆ ಸಲ ಒಂದು ಏಟಿನಿಂದ ಗೆದ್ದನು. ಒಂದು ವರ್ಷ ಸತ್ಯವನ್ನು ಹೇಳಿ ಸೋತವನು ಇನ್ನೊಂದು ವರ್ಷ ಸತ್ಯವನ್ನು ಹೇಳಿ ಗೆದ್ದನು. ಸತ್ಯವನ್ನು ಹೇಳಿದವರಿಗೆ ಜಯವಾಗುತ್ತದೆಂಬ ನೀತಿಕಥೆಗಾಗಲಿ, ಸತ್ಯವಂತರಿಗೆ ಕಾಲವಲ್ಲವೆಂಬ ಗೊಣಗಾಟಕ್ಕಾಗಲಿ ಈ ಎರಡು ವರ್ಷಗಳಲ್ಲಿ ಆಧಾರವು ಸಿಕ್ಕುವುದಿಲ್ಲ.

ಇಲ್ಲಿ ಮೊದಲನೆಯ ಆಕ್ಷೇಪವು ಏಳುತ್ತದೆ. ಚೆಂಡು ಕದಲಿದುದು ಎಷ್ಟು? ಒಂದು ಗುಲಗಂಜಿಯಷ್ಟೋ, ಒಂದು ಕೂದಲೆಳೆಯಷ್ಟೋ. ಅದರಿಂದ ಜೋನ್ಸನಿಗೆ ಯಾವ ಲಾಭವೂ ಆಗಲಿಲ್ಲ, ಎದುರಾಳಿಗೆ ಯಾವ ನಷ್ಟವೂ ಆಗಲಿಲ್ಲ. ಇಷ್ಟಕ್ಕೆ ಧರ್ಮಾಧರ್ಮಗಳ ವಿಚಾರವನ್ನು ಹಚ್ಚುವುದು ಸೊಳ್ಳೆಯನ್ನು ಹೊಡೆಯುವುದಕ್ಕೆ ಗದೆಯನ್ನು ಎತ್ತಿದಂತೆ ಅಲ್ಲವೆ? ಈ ಆಕ್ಷೇಪದಲ್ಲಿ ಎರಡು ವಿಷಯಗಳು ಒಂದರೊಡನೊಂದು ಬೆರೆತುಹೋಗಿವೆ. ಚೆಂಡು ಕದಲಿದುದು ಒಂದು; ಅದನ್ನು ಬಚ್ಚಿಡುವುದು ಇನ್ನೊಂದು. ಕದಲಿದುದು ಅಲ್ಪವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಬೇಕೆಂದು ಮಾಡಿದ ತಪ್ಪೂ ಅಲ್ಲ. ಬಚ್ಚಿಡುವುದು ಮಾತ್ರ ಅಲ್ಪವಾಗಲಾರದು. ಏಕೆಂದರೆ ಅದು ಬೇಕೆಂದೇ ಮಾಡತಕ್ಕ ಕೆಲಸ. ಅಕ್ಕಸಾಲಿಗನ ತಕ್ಕಡಿಯಲ್ಲಿ ಒಂದು ಗುಲಗಂಜಿಯ ತೂಕ ಹೆಚ್ಚುಕಡಮೆಯಾದರೆ ಕೊಂಡವನಿಗೆ ಆಗುವ ನಷ್ಟವು ಅತ್ಯಲ್ಪ. ಆದರೆ ಅದನ್ನು ಕಂಡೂ ಕಾಣದಂತಿದ್ದ ಅಕ್ಕಸಾಲಿಗನ ತಕ್ಕಡಿಯನ್ನು ಆಮೇಲೆ ಅವನೇ ನಂಬಲಾರನು.

ಆಟದ ಮಾತು ಬಿಟ್ಟು ಮನೆಯ ಮಾತಿಗೆ ಬಂದರೂ ಇದು ಸ್ಪಷ್ಟವಾಗುತ್ತದೆ. ಉತ್ತರಪತ್ರಿಕೆಯನ್ನು ಹಿಂದಕ್ಕೆ ಪಡೆದ ಹುಡುಗನು ಅಂಕಗಳನ್ನು ಕೂಡಿ ನೋಡುತ್ತಾನೆ. ಉಪಾಧ್ಯಾಯರು ಕೂಡುವಾಗ ತಪ್ಪಿ ಎರಡು ಅಂಕಗಳನ್ನು ಹೆಚ್ಚಾಗಿ ಹಾಕಿದ್ದಾರೆ. ಕಡಮೆ ಹಾಕಿದ್ದರೆ ಓಡಿಹೋಗಿ ತೋರಿಸುತ್ತಿದ್ದ ಹುಡುಗನು ಹೆಚ್ಚು ಹಾಕಿದಾಗ ಪತ್ರಿಕೆಯನ್ನು ಮಡಿಸಿ ಚೀಲದಲ್ಲಿಡುತ್ತಾನೆ. ಮನೆಯಲ್ಲಿ ತಂದೆತಾಯಿಗಳಿಗೆ ಸಂಗತಿಯು ತಿಳಿದರೆ ಅವರಲ್ಲಿ ಎಷ್ಟು ಮಂದಿ “ಹೋಗಿ ಹೇಳಿ ಬಾ” ಎನ್ನುವರು, ಎಷ್ಟು ಮಂದಿ ನಕ್ಕು ಸುಮ್ಮನಾಗುವರು? ಎರಡು ಅಂಕಗಳಿಂದ ಲೋಕವು ಮುಳುಗುವುದಿಲ್ಲ, ದಿಟ. ಆದರೆ ಆ ಸಂಜೆ ಆ ಹುಡುಗನು ಕಲಿತ ಪಾಠವು ಯಾವ ಪುಸ್ತಕದ ಪಾಠಕ್ಕಿಂತಲೂ ಹೆಚ್ಚು ಕಾಲ ಅವನಲ್ಲಿ ಉಳಿಯುತ್ತದೆ.

ಸಾಕ್ಷಿಯ ವಿಷಯದಲ್ಲಿ ನಮ್ಮ ಸ್ಮೃತಿಕಾರರು ಬಹು ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ಪ್ರಕರಣವು ವಿಸ್ತಾರವಾಗಿ ಬಂದಿದೆ. ತಿಳಿದೂ ಬಾಯಿಬಿಡದವನನ್ನು ಸುಳ್ಳು ನುಡಿದವನ ಪಂಕ್ತಿಯಲ್ಲಿಯೇ ಕೂರಿಸಿರುವುದು ಅಲ್ಲಿ ಗಮನಿಸತಕ್ಕ ಅಂಶ. ಇದಕ್ಕೆ ಕಾರಣವನ್ನು ಹುಡುಕಬೇಕಾದರೆ ದೂರ ಹೋಗಬೇಕಾದುದಿಲ್ಲ. ನಡೆದ ಸಂಗತಿಯೊಂದನ್ನು ಹತ್ತು ಮಂದಿ ಬಲ್ಲರೆಂದರೆ ಒಬ್ಬನು ಸುಮ್ಮನಿದ್ದರೂ ಸತ್ಯವು ಉಳಿಯುತ್ತದೆ. ಬಲ್ಲವನು ಒಬ್ಬನೇ ಆದರೆ, ಅವನ ಮೌನದಿಂದ ಆ ಸತ್ಯವು ಲೋಕದಿಂದಲೇ ಅಳಿಸಿಹೋಗುತ್ತದೆ. ಯಾರೂ ಕಾಣದ ತಪ್ಪನ್ನು ಹೇಳಿಕೊಳ್ಳಬೇಕಾದ ಭಾರವು ಕಡಮೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ವಿಚಾರಮಾಡಿ ನೋಡಿದರೆ ಭಾರವು ಹೆಚ್ಚೇ ಆಗುತ್ತದೆ. ಬೇರೆ ಸಾಕ್ಷಿಗಳಿಲ್ಲದುದರಿಂದ ಪೂರ್ತಿ ಸಾಕ್ಷ್ಯವು ಅವನೊಬ್ಬನ ಹೆಗಲ ಮೇಲೆ ಬಿದ್ದಿದೆ. ಅವನು ಹೇಳಿದರೆ ದಾನ ಮಾಡಿದಂತಲ್ಲ. ತನ್ನಲ್ಲಿ ಇಟ್ಟ ನಿಕ್ಷೇಪವನ್ನು ಹಿಂದಕ್ಕೆ ಕೊಟ್ಟಂತೆ. ಜೋನ್ಸನು ಹೊಗಳಿಕೆಯನ್ನು ತಳ್ಳಿದುದರ ತಾತ್ಪರ್ಯವೂ ಇದೇ ಎಂದು ತೋರುತ್ತದೆ.

ಹಾಗಾದರೆ ಜನರು ಹೊಗಳಿದುದು ತಪ್ಪೆ? ಆತನ ಹೆಸರಿನಲ್ಲಿಯೇ ಅಮೆರಿಕಾದ ಗಾಲ್ಫ್ ಸಂಘವು ೧೯೫೫ರಿಂದ ಸದಾಚಾರದ ಪಾರಿತೋಷಕವೊಂದನ್ನು ಕೊಡುತ್ತ ಬಂದಿದೆ. ಹೊಗಳಿಕೆ ಬೇಡವೆಂದವನ ಹೆಸರಿನಲ್ಲಿ ಹೊಗಳಿಕೆ! ಮೀಮಾಂಸಾಶಾಸ್ತ್ರದಲ್ಲಿ ವಿಧಿವಾಕ್ಯಗಳೆಂದೂ ಅರ್ಥವಾದಗಳೆಂದೂ ಎರಡು ಬಗೆಯುಂಟು. ವಿಧಿಯು ಮಾಡಬೇಕಾದುದನ್ನು ಹೇಳುತ್ತದೆ. ಅರ್ಥವಾದವು ಅದನ್ನು ಹೊಗಳಿ, ಕೇಳುವವನ ಮನಸ್ಸನ್ನು ಆ ಕಡೆಗೆ ಒಲಿಸುತ್ತದೆ. ಅದಕ್ಕೆ ಬೇರೆ ಪ್ರಯೋಜನವಿಲ್ಲ. ಪ್ರಾಮಾಣಿಕನಾದವನ ಸ್ತುತಿಯೂ ಇಂತಹ ಅರ್ಥವಾದವೇ ಸರಿ. ಅದು ಮಾಡಿದವನಿಗೆ ಸಲ್ಲುವ ಕೂಲಿಯಲ್ಲ. ಕೇಳುವವರಿಗೆ ಕೊಡುವ ಪ್ರೋತ್ಸಾಹ. ಆದುದರಿಂದ ಜೋನ್ಸನು ಅದನ್ನು ಬೇಡವೆಂದುದೂ ಯುಕ್ತ, ಜನರು ಹೊಗಳಿದುದೂ ಯುಕ್ತ.

ಕನಕದಾಸರ ಬಾಳೆಯಹಣ್ಣಿನ ಕಥೆಯನ್ನು ಕನ್ನಡದ ಮಕ್ಕಳೆಲ್ಲರೂ ಕೇಳಿರುತ್ತಾರೆ. ಯಾರೂ ಕಾಣದ ಕಡೆಯಲ್ಲಿ ಹಣ್ಣನ್ನು ತಿಂದು ಬನ್ನಿರೆಂದು ವ್ಯಾಸರಾಯರು ಶಿಷ್ಯರಿಗೆ ಹೇಳಿದರು. ಎಲ್ಲರೂ ಮೂಲೆಯಲ್ಲಿಯೋ ಕತ್ತಲೆಯಲ್ಲಿಯೋ ತಿಂದು ಬಂದರು. ಕನಕದಾಸರು ಮಾತ್ರ ದೇವರು ಕಾಣದ ಸ್ಥಳವು ಸಿಕ್ಕಲಿಲ್ಲವೆಂದು ಹಣ್ಣನ್ನು ಹಾಗೆಯೇ ತಂದರೆಂದು ಐತಿಹ್ಯ. ಇದನ್ನು ಕೇಳಿದ ಕೆಲವರು, ದೇವರ ಭಯವಿದ್ದರೆ ತಾನೇ ಧರ್ಮ, ಗಾಲ್ಫಿನ ನಿಯಮಪುಸ್ತಕದಿಂದ ಏನಾದೀತು ಎಂದು ಕೇಳಬಹುದು. ಆದರೆ ಕಥೆಯಲ್ಲಿ ಭಯದ ಮಾತೇ ಇಲ್ಲ. ಹೊರಗೆ ಎಲ್ಲಿಯೋ ಇದ್ದುಕೊಂಡು ಇಣಿಕಿ ನೋಡುವ ದೇವರಾದರೆ ಅವನ ಕಣ್ಣು ತಪ್ಪಿಸುವ ಯೋಚನೆಯಾದರೂ ಬರಬಹುದಾಗಿತ್ತು. ಒಳಗೆಯೇ ಇರುವವನ ಕಣ್ಣನ್ನು ತಪ್ಪಿಸುವುದೆಂದರೆ ತನ್ನ ಕಣ್ಣನ್ನು ತಾನೇ ತಪ್ಪಿಸಿದಂತೆ. ಲಷ್ಕರ್ ಮೊಹಲ್ಲಾದ ಮೂರು ಮತಗಳವರೂ ಮೂರು ಮಾತುಗಳಲ್ಲಿ ಹೇಳುವುದು ಇದನ್ನೇ. ಒಬ್ಬರು ಅಂತರ್ಯಾಮಿ ಎನ್ನುತ್ತಾರೆ. ಒಬ್ಬರು ಮನುಷ್ಯನ ಎರಡು ಕಡೆಯಲ್ಲಿಯೂ ಕುಳಿತು ಪಾಪಪುಣ್ಯಗಳನ್ನು ಬರೆದುಕೊಳ್ಳುವ ದೇವದೂತರನ್ನು ಹೇಳುತ್ತಾರೆ. ಒಬ್ಬರು ತಾನಾಗಿ ಬಂದು ತಪ್ಪನ್ನು ನಿವೇದಿಸಿಕೊಳ್ಳುವ ವಿಧಿಯನ್ನು ಇಟ್ಟಿದ್ದಾರೆ.

ಎರಡನೆಯ ಆಕ್ಷೇಪವು ಮೊದಲನೆಯದಕ್ಕಿಂತ ಬಲವಾದುದು. ಜೋನ್ಸನು ಅನುಕೂಲಸ್ಥನಾದ ವಕೀಲನ ಮಗ, ಕಾಲೇಜುಗಳಲ್ಲಿ ಓದಿದವನು. ಹವ್ಯಾಸಿಯಾದುದರಿಂದ ಗೆದ್ದಿದ್ದರೂ ಬಹುಮಾನದ ಹಣವನ್ನು ಆತನು ಮುಟ್ಟುವಂತಿರಲಿಲ್ಲ. ಒಂದು ಏಟು ಹೋದರೆ ಆತನಿಗೆ ಹೋದುದು ಕೀರ್ತಿ ಮಾತ್ರ. ಅದೇ ಏಟಿನ ಮೇಲೆ ಹೆಂಡಿರು ಮಕ್ಕಳ ಅನ್ನವು ನಿಂತಿರುವ ವೃತ್ತಿಯ ಆಟಗಾರನಾಗಿದ್ದರೆ ಹಾಗೆ ಮಾಡುತ್ತಿದ್ದನೆ? ಹೊಟ್ಟೆ ತುಂಬಿದವನ ಸತ್ಯವನ್ನು ಹಸಿದವನಿಗೆ ಮೇಲ್ಪಂಕ್ತಿಯಾಗಿ ತೋರಿಸುವುದು ನ್ಯಾಯವೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದಕ್ಕಾಗುವುದಿಲ್ಲ. ಬಡತನವು ಸತ್ಯದ ಬೆಲೆಯನ್ನು ಏರಿಸುತ್ತದೆ. ಬಡವನು ಅದೇ ಸರಕಿಗೆ ಹತ್ತರಷ್ಟು ಹಣವನ್ನು ತೆರಬೇಕಾಗುತ್ತದೆ.

ಮೃಚ್ಛಕಟಿಕ ನಾಟಕವನ್ನು ಓದಿದವರಿಗೆ ಇಲ್ಲಿ ಚಾರುದತ್ತನ ನೆನಪು ಬಾರದಿರದು. ವಸಂತಸೇನೆಯು ತನ್ನ ಒಡವೆಗಳನ್ನು ಅವನಲ್ಲಿ ನಿಕ್ಷೇಪವಾಗಿ ಇಟ್ಟಿದ್ದಳು. ರಾತ್ರಿಯಲ್ಲಿ ಶರ್ವಿಲಕನು ಗೋಡೆಗೆ ಕನ್ನವಿಟ್ಟು ಅವನ್ನು ಕದ್ದೊಯ್ದನು. ಗೆಳೆಯನಾದ ಮೈತ್ರೇಯನು, ಕೊಟ್ಟವರಾರು, ತೆಗೆದುಕೊಂಡವರಾರು, ಸಾಕ್ಷಿ ಯಾರು ಎಂದು ಒಡವೆಯ ಮಾತನ್ನೇ ಅಲ್ಲಗಳೆದುಬಿಡೋಣವೆಂದು ಉಪಾಯವನ್ನು ಹೇಳಿದನು. ಯಾರೂ ಕಾಣದ ತಪ್ಪಿಗೆ ಲೋಕವು ಎಂದೆಂದಿಗೂ ಹೇಳಿಕೊಡುವ ಉಪಾಯವಿದು. ಆಸ್ತಿಯೆಲ್ಲವನ್ನೂ ಕಳೆದುಕೊಂಡಿದ್ದ ಚಾರುದತ್ತನು ಅದಕ್ಕೆ ಒಪ್ಪಲಿಲ್ಲ. ಅವನ ಹೆಂಡತಿ ಧೂತಾದೇವಿಯು ತವರಿನಿಂದ ಬಂದ ತನ್ನ ರತ್ನಾವಳಿಯನ್ನು ಕೊಟ್ಟು ಕಳುಹಿಸಿದಳು. ಅದು ಒಡವೆಗಳ ಬದಲಿಗೆ ವಸಂತಸೇನೆಯ ಮನೆಗೆ ಹೋಯಿತು. ಬಡವನೂ ಪೂರ್ತಿ ಬೆಲೆಯನ್ನು ತೆರಬಲ್ಲನೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ನಮ್ಮ ಕಾವ್ಯಗಳಲ್ಲಿ ವಿರಳ. ಬೆಲೆಯನ್ನು ತೆತ್ತವಳು ಮುಖ್ಯವಾಗಿ ಹೆಂಡತಿಯೆಂಬುದನ್ನೂ ಮರೆಯಬಾರದು. ಆದರೆ ಆ ನಾಟಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಳವಾಯಿತೆಂಬ ನಿಜವನ್ನು ಚಾರುದತ್ತನು ವಸಂತಸೇನೆಗೆ ಹೇಳಿಕಳುಹಿಸಲಿಲ್ಲ. ಜೂಜಿನಲ್ಲಿ ಸೋತೆನೆಂದು ಹೇಳಿಕಳುಹಿಸಿದನು. ಕಳವಾಯಿತೆಂದರೆ ಬಡವನ ಮಾತನ್ನು ಯಾರೂ ನಂಬಲಾರರೆಂದು ಅವನ ಅಳಲು. ಹಸಿದವನ ಸತ್ಯಕ್ಕೆ ಅಡ್ಡ ಬರುವುದು ಹಸಿವೊಂದೇ ಅಲ್ಲ; ನುಡಿದರೆ ನಂಬುವವರಿಲ್ಲವೆಂಬುದೂ ಅಷ್ಟೇ ದೊಡ್ಡ ಅಡ್ಡಿ.

ವೃತ್ತಿಯ ಆಟಗಾರರಲ್ಲಿ ಜೋನ್ಸನಂತೆ ನಡೆದವರಿಲ್ಲವೆಂದೂ ಇಲ್ಲ. ೨೦೧೦ರಲ್ಲಿ ಅಮೆರಿಕಾದ ಹಾರ್ಬರ್ ಟೌನ್ ಎಂಬಲ್ಲಿ ಇಂಗ್ಲೆಂಡಿನ ಬ್ರಯನ್ ಡೇವಿಸನು ಜಿಮ್ ಫ್ಯೂರಿಕನೊಡನೆ ಸಮನಾಗಿ ನಿಂತು, ಗೆಲುವನ್ನು ನಿರ್ಣಯಿಸುವ ಕುಳಿಯನ್ನು ಆಡುತ್ತಿದ್ದನು. ಆ ವೃತ್ತಿಪಂದ್ಯಗಳ ಮಾಲೆಯಲ್ಲಿ ಆತನಿಗೆ ಅದುವರೆಗೆ ಒಂದು ಜಯವೂ ಬಂದಿರಲಿಲ್ಲ. ಕೋಲನ್ನು ಹಿಂದಕ್ಕೆ ಎತ್ತುವಾಗ ಅದು ಒಂದು ಜೊಂಡಿನ ಕಡ್ಡಿಗೆ ತಾಕಿದಂತೆ ಆತನಿಗೆ ಕಂಡಿತು. ಆತನೇ ಅಧಿಕಾರಿಯನ್ನು ಕರೆದು ಹೇಳಿದನು. ಚಿತ್ರವನ್ನು ನಿಧಾನಗತಿಯಲ್ಲಿ ಓಡಿಸಿ ನೋಡಿದಾಗ ಕಡ್ಡಿಯು ಅಲುಗಿದುದು ಕಂಡುಬಂದಿತು. ಎರಡು ಏಟುಗಳ ದಂಡ ಬಿದ್ದು ಪಂದ್ಯವು ಕೈಬಿಟ್ಟುಹೋಯಿತು. ಈ ಮನುಷ್ಯನಿಗೆ ಗಾಲ್ಫೇ ಕಸುಬು, ಗಾಲ್ಫೇ ಅನ್ನ. ಹೀಗಿರುವುದರಿಂದ ಸತ್ಯವು ಅನುಕೂಲಸ್ಥರ ಸೊತ್ತೆಂಬ ಮಾತು ನಿಲ್ಲುವುದಿಲ್ಲ. ಅನುಕೂಲಸ್ಥರಿಗೆ ಅದು ಅಗ್ಗವಾಗಿ ಸಿಕ್ಕುತ್ತದೆಂಬ ಮಾತು ಮಾತ್ರ ನಿಲ್ಲುತ್ತದೆ.

ಇಷ್ಟಕ್ಕೆ ವಿಚಾರವು ಮುಗಿಯಿತೆಂದು ಹೇಳಬಹುದಾಗಿತ್ತು. ಆದರೆ ಆ ಕಾಲದ ಗಾಲ್ಫಿನ ಚರಿತ್ರೆಯಲ್ಲಿ ಇನ್ನೊಂದು ತಪ್ಪಿದೆ. ಅದು ಯಾರೂ ಕಾಣದ ತಪ್ಪಲ್ಲ, ಎಲ್ಲರೂ ಕಾಣುತ್ತಿದ್ದ ತಪ್ಪು. ವೃತ್ತಿಯ ಆಟಗಾರರಲ್ಲಿ ಹಲವರು ಬಾಲ್ಯದಲ್ಲಿ ಕ್ಯಾಡಿಗಳಾಗಿ, ಎಂದರೆ ಇನ್ನೊಬ್ಬರ ಕೋಲುಗಳ ಚೀಲವನ್ನು ಹೊತ್ತುಕೊಂಡು ಬಿಸಿಲಲ್ಲಿ ನಡೆಯುವ ಆಳುಗಳಾಗಿ, ಬೆಳೆದವರು. ಅವರು ಪಂದ್ಯದಲ್ಲಿ ಆಡಬಹುದಾಗಿತ್ತು. ಪಂದ್ಯವು ನಡೆಯುವ ಕ್ಲಬ್ಬಿನ ಮನೆಯೊಳಕ್ಕೆ ಕಾಲಿಡಕೂಡದಾಗಿತ್ತು. ೧೯೨೦ರಲ್ಲಿ ಇಂಗ್ಲೆಂಡಿನ ಡೀಲ್ ಎಂಬಲ್ಲಿ ಬ್ರಿಟಿಷ್ ಓಪನ್ ಪಂದ್ಯವು ನಡೆದಾಗ ವಾಲ್ಟರ್ ಹೇಗನನು, ಒಳಕ್ಕೆ ಪ್ರವೇಶವಿಲ್ಲದುದರಿಂದ, ತನ್ನ ಮೋಟಾರುಗಾಡಿಯಲ್ಲಿಯೇ ಉಡುಪನ್ನು ಬದಲಾಯಿಸಿಕೊಂಡನೆಂಬುದು ಹೆಸರಾದ ಸಂಗತಿ. ಅದೇ ವರ್ಷ ಅಮೆರಿಕಾದ ಟೊಲೀಡೋ ನಗರದ ಇನ್ವರ್ನೆಸ್ ಕ್ಲಬ್ಬಿನವರು ತಮ್ಮಲ್ಲಿ ಓಪನ್ ಪಂದ್ಯ ನಡೆದಾಗ ವೃತ್ತಿಯ ಆಟಗಾರರಿಗೂ ಬಾಗಿಲನ್ನು ತೆರೆದರು. ಆಟಗಾರರು ತಮ್ಮೊಳಗೆ ಹಣವನ್ನು ಕೂಡಿಸಿ ದೊಡ್ಡದೊಂದು ಗಡಿಯಾರವನ್ನು ಆ ಕ್ಲಬ್ಬಿಗೆ ಕೃತಜ್ಞತೆಯಿಂದ ಕೊಟ್ಟರು. ಮನುಷ್ಯರನ್ನು ಮನುಷ್ಯರಂತೆ ಒಳಕ್ಕೆ ಕರೆದುದಕ್ಕಾಗಿ ಕಾಣಿಕೆ ಕೊಡಬೇಕಾದ ಕಾಲವದು. ಹುಲ್ಲಿನ ಮರೆಯಲ್ಲಿ ಒಬ್ಬನೇ ಇದ್ದಾಗ ಅವನ ಮಾತನ್ನು ವೇದವಾಕ್ಯದಂತೆ ನಂಬುತ್ತಿದ್ದವರು, ಊಟದ ಮನೆಯಲ್ಲಿ ತಮ್ಮ ಪಕ್ಕಕ್ಕೆ ಅವನು ಬರುವುದನ್ನು ಒಪ್ಪುತ್ತಿರಲಿಲ್ಲ.

ಜೋನ್ಸನ ಹೆಸರನ್ನೂ ಇದರಿಂದ ಬಿಡಿಸಿಡುವಂತಿಲ್ಲ. ಆಟದಿಂದ ನಿವೃತ್ತನಾದ ಮೇಲೆ ಆತನು ಸೇರಿ ಕಟ್ಟಿದ ಆಗಸ್ಟಾ ನ್ಯಾಷನಲ್ ಕ್ಲಬ್ಬು ಲೋಕಪ್ರಸಿದ್ಧವಾಯಿತು. ೧೯೩೪ರಿಂದ ಅಲ್ಲಿ ಮಾಸ್ಟರ್ಸ್ ಪಂದ್ಯವು ನಡೆಯುತ್ತಿದೆ. ಜೋನ್ಸನು ತೀರಿಕೊಂಡುದು ೧೯೭೧ರಲ್ಲಿ. ಆ ಪಂದ್ಯದಲ್ಲಿ ಕರಿಯ ವರ್ಣದ ಆಟಗಾರನೊಬ್ಬನು ಮೊದಲು ಆಡಿದುದು ೧೯೭೫ರಲ್ಲಿ. ಕ್ಲಬ್ಬಿಗೆ ಕರಿಯ ವರ್ಣದವರೊಬ್ಬರನ್ನು ಮೊದಲು ಸದಸ್ಯರಾಗಿ ಸೇರಿಸಿಕೊಂಡುದು ೧೯೯೦ರಲ್ಲಿ. ಹೆಂಗಸರನ್ನು ಸೇರಿಸಿಕೊಂಡುದು ೨೦೧೨ರಲ್ಲಿ. ಅಮೆರಿಕಾದ ವೃತ್ತಿಗಾರರ ಸಂಘದ ನಿಬಂಧನೆಯಲ್ಲಿಯೇ ಬಿಳಿಯರಿಗೆ ಮಾತ್ರ ಪ್ರವೇಶವೆಂಬ ಮಾತು ೧೯೬೧ರವರೆಗೂ ಇದ್ದಿತು. ಕೂದಲೆಳೆಯಷ್ಟು ಕದಲಿದ ಚೆಂಡನ್ನು ಕಂಡ ಕಣ್ಣುಗಳ ಮುಂದೆಯೇ ಇಷ್ಟು ದೊಡ್ಡ ಬಾಗಿಲು ಮುಚ್ಚಿದ್ದಿತು. ಇದನ್ನು ಆತನ ಸತ್ಯಸಂಧತೆಯನ್ನು ಹಳಿಯುವುದಕ್ಕಾಗಿ ಹೇಳುವುದಲ್ಲ. ಮನುಷ್ಯನ ಮನಸ್ಸಾಕ್ಷಿಯ ಸ್ವಭಾವವನ್ನು ಅರಿ‍ಯುವುದಕ್ಕಾಗಿ ಹೇಳುವುದು. ನಿಯಮವು ಬರೆದಿರುವ ಕಡೆಯಲ್ಲಿ ಮನಸ್ಸಾಕ್ಷಿಯು ಬಹು ಚುರುಕಾಗಿರುತ್ತದೆ. ರೂಢಿಯು ಅಪ್ಪಣೆ ಕೊಟ್ಟಿರುವ ಕಡೆಯಲ್ಲಿ ಅದು ನಿದ್ದೆಹೋಗುತ್ತದೆ. ಒಬ್ಬನೇ ಕಂಡ ತಪ್ಪಾದರೆ ಒಬ್ಬನಾದರೂ ಹೇಳಿಯಾನು. ಎಲ್ಲರೂ ಕಂಡು ಎಲ್ಲರೂ ಸುಮ್ಮನಿರುವ ತಪ್ಪಿಗೆ, ಅದು ತಪ್ಪೆಂಬ ಹೆಸರೇ ಬರುವುದಿಲ್ಲ.

ಬಾಳೆಯಹಣ್ಣಿನ ಕಥೆಯ ಕನಕದಾಸರೇ ಉಡುಪಿಯಲ್ಲಿ ಗುಡಿಯ ಹೊರಗೆ ನಿಂತರೆಂಬ ಐತಿಹ್ಯವು ಕನ್ನಡಿಗರಿಗೆ ಗೊತ್ತೇ ಇದೆ. ಒಳಗಿನ ಸಾಕ್ಷಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವನಿಗೆ ಬಾಗಿಲು ತೆರೆಯಲಿಲ್ಲ. ಕನಕನ ಕಿಂಡಿಯು ಇಂದಿಗೂ ಅಲ್ಲಿದೆ. ಭಕ್ತರು ಆ ಕಿಂಡಿಯಲ್ಲಿ ದೇವರನ್ನು ನೋಡಿ ಧನ್ಯರಾಗುತ್ತಾರೆ. ಆದರೆ ಕಿಂಡಿಯು ಏಕೆ ಬೇಕಾಯಿತೆಂಬುದನ್ನು ಯೋಚಿಸುವವರು ಸ್ವಲ್ಪ ಮಂದಿ. ಡೀಲಿನ ಕ್ಲಬ್ಬಿನವರನ್ನು ನೋಡಿ ನಗುವುದಕ್ಕೆ ಮುಂಚೆ ನಮ್ಮ ದೇಶದವರು ಈ ಕಿಂಡಿಯನ್ನು ನೆನೆಯುವುದು ಒಳ್ಳೆಯದು.

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಎಂದರೆ ಈಗ ನಿಯಮವು ಬರೆದಾಗಿದೆ. ಆದರೆ ಮನೆಯ ಒಳಗೆ ತೀರ್ಪುಗಾರನಿಲ್ಲ. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಕಾಫಿಯನ್ನು ಯಾವ ಲೋಟದಲ್ಲಿ ಕೊಡುತ್ತಾರೆ, ಆ ಲೋಟವು ಉಳಿದ ಲೋಟಗಳ ಜೊತೆಗಿರುತ್ತದೆಯೆ ಅಥವಾ ಹಿತ್ತಲಿನ ಗೂಡಿನಲ್ಲಿ ಬೇರೆಯಾಗಿರುತ್ತದೆಯೆ, ಅವಳನ್ನು ಕುಳಿತುಕೊಳ್ಳೆನ್ನುವುದು ಎಲ್ಲಿ ಎಂಬುದನ್ನು ಯಾವ ಅಧಿಕಾರಿಯೂ ಬಂದು ನೋಡುವುದಿಲ್ಲ. ಆಕೆಯು ನೋಡುತ್ತಾಳೆ, ಆದರೆ ಹೇಳುವುದಿಲ್ಲ. ಮನೆಯವರು ನೋಡುತ್ತಾರೆ, ಆದರೆ ಅದು ಅವರ ಕಣ್ಣಿಗೆ ತಪ್ಪಾಗಿ ಕಾಣುವುದಿಲ್ಲ. ಎರಡು ಬಗೆಯ ತಪ್ಪುಗಳೂ ಇಲ್ಲಿ ಒಂದಾಗುತ್ತವೆ. ಬೀದಿಯವರಾರೂ ಕಾಣದುದು, ಮನೆಯವರೆಲ್ಲರೂ ಕಾಣುವುದು. ಇಂತಹ ಕಡೆಯಲ್ಲಿ ಗೃಹಸ್ಥನೇ ಸಾಕ್ಷಿಯಾಗಬೇಕು, ಗೃಹಿಣಿಯೇ ನ್ಯಾಯಾಧಿಪತಿಯಾಗಬೇಕು. ಓದುಬರಹ ಬಲ್ಲ ಮನೆಗಳಿಗೆ ಈ ಭಾರವು ಹೆಚ್ಚು. ನಿಯಮವನ್ನು ಓದಿಲ್ಲವೆಂದು ಹೇಳುವ ಅನುಕೂಲವು ಅವರಿಗಿಲ್ಲ.

ಬಾಗಿಲು ತೆರೆದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವುಂಟು. ಬೆಂಗಳೂರಿನಲ್ಲಿ ಮೊದಲು ಕ್ಯಾಡಿಯಾಗಿ ದುಡಿದ ಚಿನ್ನಸ್ವಾಮಿ ಮುನಿಯಪ್ಪನವರು ೨೦೦೯ರಲ್ಲಿ ಗುರುಗ್ರಾಮದ ಮೈದಾನದಲ್ಲಿ ನಡೆದ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. ಇತರರ ಕೋಲುಗಳನ್ನು ಹೊತ್ತವರು ತಮ್ಮ ಕೋಲನ್ನು ಹಿಡಿದು ದೇಶದ ದೊಡ್ಡ ಪಂದ್ಯವನ್ನು ಗೆಲ್ಲುವಂತಾದುದು ಅವರ ಸಾಹಸದಿಂದ. ಆದರೆ ಹಿಂದಿನವರು ಮುಚ್ಚಿದ್ದ ಬಾಗಿಲುಗಳನ್ನು ಯಾರೋ ಒಂದೊಂದಾಗಿ ತೆರೆಯುತ್ತ ಬಂದಿಲ್ಲದಿದ್ದರೆ ಸಾಹಸಕ್ಕೆ ಅವಕಾಶವೆಲ್ಲಿಯದು?

ಮನುಷ್ಯನಿಗೆ ಎರಡು ಪರೀಕ್ಷೆಗಳುಂಟೆಂದು ಇದರಿಂದ ತಿಳಿಯುತ್ತದೆ. ತಾನೊಬ್ಬನೇ ಕಂಡುದನ್ನು ಹೇಳಬಲ್ಲನೆ ಎಂಬುದು ಒಂದು. ಎಲ್ಲರೂ ಕಂಡು ಸುಮ್ಮನಿರುವುದನ್ನು ತಾನು ಕಾಣಬಲ್ಲನೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತೇರ್ಗಡೆಯಾದವರೆಲ್ಲರೂ ಎರಡನೆಯದರಲ್ಲಿ ತೇರ್ಗಡೆಯಾಗುವುದಿಲ್ಲ. ಆದರೆ ಮೊದಲನೆಯದರಲ್ಲಿ ಸೋತವನು ಎರಡನೆಯದಕ್ಕೆ ಕುಳಿತುಕೊಳ್ಳುವಂತೆಯೇ ಇಲ್ಲ. ತನ್ನ ತಪ್ಪನ್ನು ತಾನು ಒಪ್ಪದವನು ಲೋಕದ ತಪ್ಪನ್ನು ಎತ್ತಿ ತೋರಿಸಿದರೆ ಯಾರು ಕೇಳುತ್ತಾರೆ? ಆದುದರಿಂದ ಅಭ್ಯಾಸವು ಚಿಕ್ಕದರಿಂದಲೇ ಆರಂಭವಾಗಬೇಕು; ಎರಡು ಅಂಕಗಳಿಂದ, ಅಂಗಡಿಯವನು ತಪ್ಪಿ ಹೆಚ್ಚಾಗಿ ಕೊಟ್ಟ ಚಿಲ್ಲರೆಯಿಂದ, ಬೀದಿಯ ಗೋಲಿಯಾಟದಿಂದ.

ಲಷ್ಕರ್ ಮೊಹಲ್ಲಾದ ಓಣಿಯಲ್ಲಿ ಆಣೆಪ್ರಮಾಣಗಳ ಗದ್ದಲವು ಎಂದಿನಂತೆ ನಡೆಯುತ್ತಿರಲಿ. ಅದರ ನಡುವೆ ಒಂದು ದಿನ, ಎದುರಾಳಿಯು ಅತ್ತ ನೋಡುತ್ತಿದ್ದಾಗ, ಒಬ್ಬ ಹುಡುಗನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು “ನನ್ನದು ಅಲುಗಿತು ಕಣೋ, ನೀನಾಡು” ಎಂದರೆ ಹಿರಿಯರು ಅವನನ್ನು ಅತಿಯಾಗಿ ಹೊಗಳಬೇಕಾದುದಿಲ್ಲ. ಪೆದ್ದನೆಂದು ನಗದಿದ್ದರೆ ಸಾಕು.